ಮಳೆಗಾಲದ ಶನಿವಾರಕ್ಕೊಂದು ವಿಶುವಲ್ ನಾವೆಲ್: ಮೊದಲ ಸಲ ಓದುವವರಿಗೆ ಪೂರ್ತಿ ಕ್ರಮ

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕರಾವಳಿಯಲ್ಲಿ ಶನಿವಾರ ರಾತ್ರಿಗಳು ಖಾಲಿ ಬೀಳುತ್ತವೆ. ಬಯಲಾಟ ಇಲ್ಲ, ನೇಮ ಇಲ್ಲ, ತಣ್ಣೀರುಬಾವಿ ಬೀಚಿಗೆ ಹೋದರೂ ನೀರಿಗೆ ಇಳಿಯುವ ಹಾಗಿಲ್ಲ. ಹೊರಗೆ ಧೋ ಎಂದು ಮಳೆ. ಇಂಥ ರಾತ್ರಿಗಳಲ್ಲೇ ನಾನು ವಿಶುವಲ್ ನಾವೆಲ್ ಓದಲು ಕಲಿತದ್ದು. ವಾರವಿಡೀ ಕಚೇರಿಯ ಪರದೆ ನೋಡಿ ದಣಿದ ಕಣ್ಣಿಗೆ ಇನ್ನೊಂದು ಪರದೆ ಹೇಗೆ ವಿಶ್ರಾಂತಿ ಕೊಟ್ಟೀತು ಎಂದು ಮನೆಯವರು ಕೇಳುತ್ತಾರೆ. ಸರಿಯಾದ ಕ್ರಮದಲ್ಲಿ ಕೂತರೆ ಖಂಡಿತ ಕೊಡುತ್ತದೆ.

ಮಂಗಳೂರು, ಮಣಿಪಾಲಗಳಲ್ಲಿ ಅನಿಮೆ ಎಂಬ ಜಪಾನಿ ಕಾರ್ಟೂನ್ ನೋಡುವವರು ಈಗ ಬೇಕಾದಷ್ಟು ಮಂದಿ ಇದ್ದಾರೆ. ವಿಶುವಲ್ ನಾವೆಲ್ ಎಂದರೆ ಮಾತ್ರ ಅವರೂ "ಎಂತ ಅದು, ಗೇಮಾ?" ಎನ್ನುತ್ತಾರೆ. ಕುತೂಹಲದಿಂದ ಶುರುಮಾಡಿ, ಅರ್ಧ ಗಂಟೆ ಒತ್ತಿ ಒತ್ತಿ, "ಬರೀ ಮಾತು ಮಾರಾಯ, ಏನೂ ಆಗುವುದೇ ಇಲ್ಲ" ಎಂದು ಮುಚ್ಚಿಟ್ಟವರನ್ನೂ ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ಎಡವಿದ್ದು ಎರಡು ಕಡೆ: ಮೊದಲು ಕೈಗೆತ್ತಿಕೊಂಡ ಕೃತಿಯಲ್ಲಿ, ಓದಿದ ವೇಗದಲ್ಲಿ. ಈ ಬರಹ ಆ ಎರಡನ್ನು ಸರಿಮಾಡಲಿಕ್ಕೆ.

ಮೊದಲನೆಯದು: ಇದು ಎಂತದು ಎಂದು ತಿಳಿದುಕೊಳ್ಳಿ

ಪರದೆಯ ತುಂಬ ಒಂದು ಚಿತ್ರ. ಶಾಲೆಯ ಕೋಣೆಯೋ, ರೈಲು ನಿಲ್ದಾಣವೋ, ಹಳ್ಳಿಯ ದಾರಿಯೋ. ಅದರ ಮುಂದೆ ನಿಂತ ಪಾತ್ರ. ಮುಖದ ಭಾವ ಬದಲಾಗುತ್ತದೆ, ಮೈ ಹೆಚ್ಚು ಕದಲುವುದಿಲ್ಲ. ಕೆಳಗೆ ಮಾತಿನ ಪೆಟ್ಟಿಗೆ. ಒಮ್ಮೆ ಒತ್ತಿದರೆ ಒಂದು ಸಾಲು. ಹಿನ್ನೆಲೆಯಲ್ಲಿ ಸಂಗೀತ, ಹಲವು ಕೃತಿಗಳಲ್ಲಿ ಜಪಾನಿ ಕಲಾವಿದರ ಧ್ವನಿ. ಅಲ್ಲಲ್ಲಿ ನಿಮಗೊಂದು ಆಯ್ಕೆ ಬರುತ್ತದೆ. ಯಾರ ಜೊತೆ ಹೋಗುತ್ತೀರಿ, ಏನು ಉತ್ತರ ಕೊಡುತ್ತೀರಿ ಎನ್ನುವುದರ ಮೇಲೆ ಕಥೆ ಕವಲೊಡೆಯುತ್ತದೆ. ಆ ಕವಲಿಗೆ ರೂಟ್ ಎನ್ನುತ್ತಾರೆ. ಆಯ್ಕೆಯೇ ಇಲ್ಲದೆ ನೇರ ಓದಿಸಿಕೊಂಡು ಹೋಗುವವೂ ಉಂಟು, ಅವು ಕೈನೆಟಿಕ್ ನಾವೆಲ್.

ತಾಳಮದ್ದಲೆ ಕೇಳಿ ಬೆಳೆದವರಿಗೆ ಇಷ್ಟು ವಿವರಣೆಯೂ ಬೇಡ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳಿ ನಿಲ್ಲಿಸುತ್ತಾರೆ, ಅರ್ಥಧಾರಿ ಕೂತಲ್ಲಿಂದಲೇ ಅರ್ಥ ಹೇಳುತ್ತಾರೆ. ಕರ್ಣಪರ್ವದಲ್ಲಿ ರಥದ ಗಾಲಿ ಹೂತದ್ದನ್ನು ಯಾರೂ ತೋರಿಸುವುದಿಲ್ಲ, ಆದರೂ ಎದುರು ಕೂತವರಿಗೆ ಅದು ಕಾಣುತ್ತದೆ. ವಿಶುವಲ್ ನಾವೆಲಿನಲ್ಲಿ ಆಗುವುದೂ ಇದೇ. ಚಿತ್ರ ನಿಂತಿರುತ್ತದೆ, ಮಾತು ನಡೆಯುತ್ತದೆ. ಪ್ರಸಂಗ ಒಂದೇ ಆದರೂ ಅರ್ಥಧಾರಿ ಬದಲಾದಾಗ ವಾಲಿಯ ನ್ಯಾಯ ಬೇರೆ ಕೇಳಿಸುವ ಹಾಗೆ, ಇಲ್ಲಿ ರೂಟ್ ಬದಲಾದಾಗ ಅದೇ ಪಾತ್ರದ ಇನ್ನೊಂದು ಮಗ್ಗುಲು ತೆರೆಯುತ್ತದೆ. ಮಳೆಗಾಲ ತಾಳಮದ್ದಲೆಯ ಕಾಲವೂ ಹೌದು. ನಮ್ಮ ಕಿವಿ ಇದಕ್ಕೆ ಮೊದಲೇ ಪಳಗಿದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಅನಿಮೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಗತಿಯದ್ದು. ಅನಿಮೆ ತಾನೇ ಓಡುತ್ತದೆ, ನಾವು ಅದರ ಹಿಂದೆ. ಇಲ್ಲಿ ನೀವು ಒತ್ತದೆ ಮುಂದಿನ ಸಾಲು ಬರುವುದಿಲ್ಲ. ಗತಿ ನಿಮ್ಮ ಬೆರಳಲ್ಲಿ ಇರುವುದರಿಂದ, ರಸ ಉಳಿಯುವುದೂ ಕೆಡುವುದೂ ಆ ಬೆರಳಿನಿಂದಲೇ. ಮುಂದೆ ಹೇಳುವುದೆಲ್ಲ ಹೆಚ್ಚುಕಡಿಮೆ ಆ ಬೆರಳನ್ನು ಪಳಗಿಸುವ ದಾರಿ.

ಎರಡನೆಯದು: ಕೈಯಲ್ಲಿ ಎಷ್ಟು ಗಂಟೆ ಉಂಟು, ಲೆಕ್ಕ ಹಾಕಿ

ಶನಿವಾರ ಮಧ್ಯಾಹ್ನ ಊಟ ಮುಗಿಸಿದ ಮೇಲಿನಿಂದ ಭಾನುವಾರ ರಾತ್ರಿಯವರೆಗೆ ಮೂವತ್ತು ಗಂಟೆ ಕಂಡರೂ, ನಿದ್ದೆ, ಊಟ, ಸಂತೆ, ಯಾರದೋ ಮದುವೆ ರಿಸೆಪ್ಶನ್ ಕಳೆದರೆ ನಿಜಕ್ಕೂ ಸಿಗುವುದು ಆರೇಳು ಗಂಟೆ. ಅಷ್ಟರಲ್ಲಿ ಮುಗಿಯುವುದನ್ನೇ ಮೊದಲು ಆರಿಸಬೇಕು.

ವಿಎನ್‌ಡಿಬಿ ಎಂಬ ದತ್ತಸಂಗ್ರಹ ಇದಕ್ಕೆ ಬಹಳ ಉಪಕಾರಿ. ಪ್ರತಿ ಕೃತಿಯ ಉದ್ದವನ್ನು ಅಲ್ಲಿ ವಿಂಗಡಿಸಿ ಇಟ್ಟಿದ್ದಾರೆ: 2 ಗಂಟೆಗಿಂತ ಕಡಿಮೆ, 2ರಿಂದ 10, 10ರಿಂದ 30, 30ರಿಂದ 50, ಅದಕ್ಕೂ ಮೇಲೆ. ಮೊದಲ ವಾರಾಂತ್ಯಕ್ಕೆ 2ರಿಂದ 10 ಗಂಟೆಯ ಸಾಲಿನಿಂದ ಮೇಲೆ ಹೋಗಬೇಡಿ. ಕ್ಲಾನಾಡ್ ಚೆನ್ನಾಗಿದೆಯೆಂದು ಯಾರೋ ಹೇಳಿದ್ದು ಕೇಳಿ ಅದರಿಂದಲೇ ಶುರುಮಾಡಿದವರು ನನಗೆ ಗೊತ್ತು. 50 ಗಂಟೆಗೂ ಮೀರಿದ ಓದು ಅದು. ಮೂರನೆಯ ವಾರಕ್ಕೆ ಹೆಸರುಗಳು ಮರೆತು, ಐದನೆಯ ವಾರಕ್ಕೆ ಕೈಬಿಟ್ಟರು. ಒಳ್ಳೆಯ ಕೃತಿಗೆ ಅನ್ಯಾಯವಾಯಿತು ಎಂಬ ಸಂಕಟ ನನಗೆ ಈಗಲೂ ಉಂಟು.

ಮೂರನೆಯದು: ಮೊದಲ ಕೃತಿ

ನನ್ನ ಉತ್ತರ ಒಂದೇ: ಪ್ಲಾನೆಟೇರಿಯನ್. ಕೀ ಎಂಬ ಜಪಾನಿ ಸಂಸ್ಥೆ 2004ರಲ್ಲಿ ಹೊರತಂದದ್ದು, ಇಂಗ್ಲಿಷಿನಲ್ಲಿ, ಕಂಪ್ಯೂಟರ್ ಆಟ ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಸಿಗುತ್ತದೆ. ಆಯ್ಕೆಗಳಿಲ್ಲ, ಹಾಗಾಗಿ ತಪ್ಪು ದಾರಿ ಹಿಡಿಯುವ ಭಯವಿಲ್ಲ. ನಾಲ್ಕೈದು ಗಂಟೆಯಲ್ಲಿ ಮುಗಿಯುತ್ತದೆ.

ಯುದ್ಧದಲ್ಲಿ ಹಾಳಾದ ಒಂದು ನಗರ. ಅಲ್ಲಿ ಮಳೆ ನಿಲ್ಲುವುದೇ ಇಲ್ಲ. ತಪ್ಪಿಸಿಕೊಂಡು ಓಡುತ್ತಿರುವ ಒಬ್ಬ ಮನುಷ್ಯ ಅಂಗಡಿ ಕಟ್ಟಡವೊಂದರ ಮೇಲಿನ ತಾರಾಲಯಕ್ಕೆ ನುಗ್ಗುತ್ತಾನೆ. ಸುಮಾರು ಮೂವತ್ತು ವರ್ಷದಿಂದ ಗಿರಾಕಿಗಾಗಿ ಕಾಯುತ್ತಿರುವ ರೋಬೋ ಹುಡುಗಿ ಯುಮೆಮಿ ಅವನನ್ನು ಸ್ವಾಗತಿಸಿ, ನೀವು 25 ಲಕ್ಷನೇ ಪ್ರೇಕ್ಷಕ ಎಂದು ಹೂಗುಚ್ಛ ಕೊಡಲು ಬರುತ್ತಾಳೆ. ಪ್ರೊಜೆಕ್ಟರನ್ನು ಅವಳು ಜೆನಾ ಎಂದು ಗೌರವದಿಂದ ಕರೆಯುತ್ತಾಳೆ. ಜರ್ಮನಿಯ ಜೆನಾ ಪಟ್ಟಣದ ಹೆಸರದು. ಜೈಸ್ ಸಂಸ್ಥೆ 1923ರಲ್ಲಿ ಜಗತ್ತಿನ ಮೊದಲ ತಾರಾಲಯ ಪ್ರೊಜೆಕ್ಟರನ್ನು ಮಾಡಿದ್ದು ಅಲ್ಲಿ. ಇದಕ್ಕಿಂತ ಹೆಚ್ಚು ಕಥೆ ಹೇಳುವುದಿಲ್ಲ. ಯುಮೆಮಿ ಬಹಳ ಮಾತಾಡುತ್ತಾಳೆ. ಮೊದಲ ಒಂದು ಗಂಟೆ ನಿಮಗೆ ಆ ಮನುಷ್ಯನಷ್ಟೇ ಕಿರಿಕಿರಿ ಆದೀತು. ಆಗಲಿ, ತಡೆದುಕೊಳ್ಳಿ.

ಇದರ ನಂತರ ಎರಡನೆಯದಾಗಿ, ಗಟ್ಟಿ ಮನಸ್ಸಿನವರಿಗೆ, ಹಿಗುರಾಶಿ. ರ್ಯುಕಿಶಿ07 ಎಂಬ ಬರಹಗಾರರ ಸಣ್ಣ ಬಳಗ ತಾವೇ ತಯಾರಿಸಿ 2002ರಿಂದ 2006ರ ನಡುವೆ ಎಂಟು ಅಧ್ಯಾಯಗಳಾಗಿ ಮಾರಿದ ಕೃತಿ. ಇದರಲ್ಲೂ ಆಯ್ಕೆಗಳಿಲ್ಲ. 1983ರ ಜೂನ್, ಬೆಟ್ಟದ ನಡುವಿನ ಹಳ್ಳಿ, ಊರನ್ನು ಮುಳುಗಿಸಲು ಬಂದಿದ್ದ ಅಣೆಕಟ್ಟು ಯೋಜನೆಯ ಹಳೆಯ ಗಾಯ, ಊರ ದೇವರು, ವರ್ಷಕ್ಕೊಮ್ಮೆ ಜಾತ್ರೆ, ಜಾತ್ರೆಯ ರಾತ್ರಿ ನಡೆಯುವ ಸಾವು. ಊರಿಗೂ ದೈವಕ್ಕೂ ಇರುವ ಕಟ್ಟುಪಾಡು ಎಂದರೇನು ಎಂದು ಹುಟ್ಟಿನಿಂದ ಬಲ್ಲ ತುಳುನಾಡಿನವರಿಗೆ ಆ ಹಳ್ಳಿ ದೂರದ್ದು ಅನಿಸುವುದಿಲ್ಲ. ಹೊರಗಿನವರು ಮೂಢನಂಬಿಕೆ ಎಂದು ಸರಿಸಿಬಿಡುವ ಕಡೆ ನಮಗೆ ಮೈ ಜುಂ ಎನ್ನುತ್ತದೆ. ಹಿಗುರಾಶಿ ಎಂದರೆ ಸಂಜೆ ಕೂಗುವ ಒಂದು ಜಾತಿಯ ಜೀರುಂಡೆ. ಕಾಡಂಚಿನ ಮನೆಯಲ್ಲಿ ಕೂತು ಓದಿದರೆ ಒಳಗಿನ ಸದ್ದು ಯಾವುದು ಹೊರಗಿನದು ಯಾವುದು ತಿಳಿಯದೆ ಹೋದೀತು. ರಕ್ತಪಾತ ಧಾರಾಳ ಉಂಟು, ಮಕ್ಕಳ ಕೈಗೆ ಕೊಡಬೇಡಿ.

ಇನ್ನೊಂದು ಎಚ್ಚರಿಕೆ. 2017ರ ಡೋಕಿ ಡೋಕಿ ಲಿಟರೇಚರ್ ಕ್ಲಬ್ ಬಿಟ್ಟಿ ಸಿಗುತ್ತದೆ, ಮುಖಪುಟ ಮುದ್ದಾಗಿದೆ ಎಂದು ಹೈಸ್ಕೂಲಿನ ಹುಡುಗರು ಹಾಕಿಕೊಳ್ಳುತ್ತಾರೆ. ಒಳಗೆ ಆತ್ಮಹತ್ಯೆಯಂಥ ವಿಷಯ ಉಂಟು, ಶುರುವಿನಲ್ಲೇ ಎಚ್ಚರಿಕೆ ಬರೆದಿದ್ದಾರೆ. ಮನಸ್ಸು ಕುಗ್ಗಿರುವ ದಿನಗಳಲ್ಲಿ ಅದನ್ನು ಮುಟ್ಟಬೇಡಿ. ವಯಸ್ಕರಿಗೆ ಮಾತ್ರ ಎಂಬ ಕೃತಿಗಳೂ ಈ ಪ್ರಕಾರದಲ್ಲಿ ಬಹಳ. ಕೊಳ್ಳುವ ಮೊದಲು ವಯಸ್ಸಿನ ಸೂಚನೆ ಓದಿ.

ಕೊಳ್ಳುವ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ: ಸ್ಟೀಮ್‌ನಲ್ಲಿ ಬೆಲೆ ರೂಪಾಯಿಯಲ್ಲೇ ಇರುತ್ತದೆ, ಜೂನ್ ಕೊನೆಯ ಹೊತ್ತಿಗೆ ಸೇಲ್ ಬರುತ್ತದೆ, ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸು ಕೇಳಬಹುದು.

ನಾಲ್ಕನೆಯದು: ಲ್ಯಾಪ್‌ಟಾಪ್, ಕರೆಂಟು, ತೇವ

ಐದಾರು ವರ್ಷ ಹಳೆಯ, ಕಚೇರಿ ಕೆಲಸದ ಲ್ಯಾಪ್‌ಟಾಪ್ ಧಾರಾಳ ಸಾಕು. ಗೇಮಿಂಗ್ ಯಂತ್ರ ಬೇಡ. ನಮ್ಮ ಕಡೆ ಬೇಕಾದದ್ದು ಬೇರೆ ಎಚ್ಚರ. ಗಾಳಿಮಳೆಗೆ ಕರೆಂಟು ಯಾವಾಗ ಹೋಗುತ್ತದೆ ಹೇಳಲಾಗದು. ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಕೂರಿ. ಗುಡುಗು ಶುರುವಾದ ಕೂಡಲೇ ಚಾರ್ಜರನ್ನು ಗೋಡೆಯಿಂದ ಕಿತ್ತುಬಿಡಿ. ಒಂದು ಸಿಡಿಲಿಗೆ ನನ್ನ ಒಂದು ಚಾರ್ಜರ್ ಸುಟ್ಟುಹೋಗಿದೆ, ಯಂತ್ರ ಉಳಿದದ್ದು ಪುಣ್ಯ. ಆಟಿ ತಿಂಗಳಲ್ಲಿ ಲ್ಯಾಪ್‌ಟಾಪನ್ನು ಗಾಳಿಯಾಡದ ಚೀಲದಲ್ಲಿ ವಾರಗಟ್ಟಲೆ ಇಟ್ಟರೆ ಬೂಷ್ಟು ಹಿಡಿಯುತ್ತದೆ. ದಿನಕ್ಕೊಮ್ಮೆ ಹಚ್ಚಿ, ತನ್ನ ಬಿಸಿಗೇ ಒಣಗುತ್ತದೆ.

ಐದನೆಯದು: ಸೆಟ್ಟಿಂಗ್, ಇಲ್ಲಿ ಅವಸರ ಬೇಡ

ಹೆಚ್ಚಿನವರು ಇದನ್ನು ಮುಟ್ಟುವುದೇ ಇಲ್ಲ. ನನ್ನ ಅನುಭವದಲ್ಲಿ ಅರ್ಧ ರಸ ಇಲ್ಲೇ ನಿರ್ಧಾರವಾಗುತ್ತದೆ.

ಅಕ್ಷರದ ವೇಗ ಮೊದಲು. ಇಡೀ ಸಾಲು ಒಮ್ಮೆಲೇ ಬಂದು ಬೀಳುವ ಹಾಗೆ ಇಡಬೇಡಿ. ಕಣ್ಣು ಸಾಲಿನ ತುದಿಗೆ ಹಾರಿ, ಬೆರಳು ಒತ್ತಿಬಿಡುತ್ತದೆ. ನೀವು ಮನಸ್ಸಿನಲ್ಲಿ ಓದುವುದಕ್ಕಿಂತ ಕೂದಲೆಳೆಯಷ್ಟು ಮುಂದೆ ಅಕ್ಷರ ಬರುತ್ತಿರಬೇಕು. ಮೊದಲ ಹತ್ತು ನಿಮಿಷ ಅದನ್ನು ಹಿಂದೆ ಮುಂದೆ ಸರಿಸಿ ನೋಡಿ.

ಧ್ವನಿ ಪೂರ್ತಿ, ಸಂಗೀತ ಅರ್ಧಕ್ಕಿಂತ ಸ್ವಲ್ಪ ಮೇಲೆ. ಇಯರ್‌ಫೋನ್ ಇರಲೇಬೇಕು, ಹಂಚಿನ ಮಾಡಿನ ಮೇಲೆ ಬೀಳುವ ಮಳೆ ಸ್ಪೀಕರಿನ ಮಾತನ್ನು ನುಂಗಿಬಿಡುತ್ತದೆ. ಒಂದೇ ಒಂದು ವಿನಾಯಿತಿ ಪ್ಲಾನೆಟೇರಿಯನ್‌ನ ಶುರು. ಕಥೆಯ ಒಳಗೂ ಮಳೆ, ಹೊರಗೂ ಮಳೆ. ಆ ಹತ್ತು ನಿಮಿಷ ಒಂದು ಕಿವಿ ತೆರೆದಿಡಿ.

ಸ್ಕಿಪ್ ಎಂಬುದನ್ನು "ಓದಿದ್ದನ್ನು ಮಾತ್ರ" ಎಂದು ಇಡಿ. ಇಲ್ಲವಾದರೆ ಕೈ ತಪ್ಪಿ ಒತ್ತಿದಾಗ ಓದದ ಹತ್ತು ಪುಟ ಹಾರಿಹೋಗುತ್ತದೆ. ಆಟೋ ಎಂಬುದು ತಾನೇ ಮುಂದಿನ ಸಾಲಿಗೆ ಹೋಗುವ ವ್ಯವಸ್ಥೆ. ಧ್ವನಿ ಇರುವ ಕೃತಿಗಳಲ್ಲಿ, ಮಾತು ಮುಗಿಯುವವರೆಗೆ ಕಾಯುವ ಹಾಗೆ ಹೊಂದಿಸಿ, ಆಟೋ ಹಾಕಿ, ಕೈ ಕಟ್ಟಿ ಕೂರಿ. ಭಾಗವತರ ಪದ್ಯ ಮುಗಿಯುವ ಮೊದಲೇ ಅರ್ಥ ಶುರುಮಾಡಿದರೆ ಹೇಗಿದ್ದೀತು? ಧ್ವನಿ ಕಲಾವಿದೆಯ ಮಾತನ್ನು ನಡುವೆ ಕತ್ತರಿಸುವುದೂ ಅಷ್ಟೇ ತಪ್ಪು. ಜಪಾನಿ ತಿಳಿಯದಿದ್ದರೂ ಆ ದನಿಯಲ್ಲಿ ನಡುಕ ಯಾವುದು ನಗು ಯಾವುದು ಎಂದು ತಿಳಿಯುತ್ತದೆ.

ಇಂಗ್ಲಿಷ್ ಓದು ಕಷ್ಟ ಎನ್ನುವ ಕನ್ನಡ ಮಾಧ್ಯಮದವರಿಗೆ ಒಂದು ಮಾತು. ಇಲ್ಲಿ ಒಮ್ಮೆಗೆ ಬರುವುದು ಒಂದೆರಡು ಸಾಲು, ಪುಟಗಟ್ಟಲೆ ಅಲ್ಲ. ತಪ್ಪಿದರೆ ಬ್ಯಾಕ್‌ಲಾಗ್ ತೆರೆದು ಹಿಂದಿನ ಸಾಲು ನೋಡಬಹುದು, ಹಲವು ಕಡೆ ಆ ಧ್ವನಿಯನ್ನೂ ಮತ್ತೆ ಕೇಳಬಹುದು. ನನ್ನ ತಂಗಿಯ ಇಂಗ್ಲಿಷ್ ಓದು ಹಿಡಿತಕ್ಕೆ ಬಂದದ್ದು ಹೀಗೆಯೇ.

ಆರನೆಯದು: ಶನಿವಾರ ರಾತ್ರಿ, ಓದು

ಗೋಳಿಬಜೆ, ಚಾ ಮೊದಲೇ ಮುಗಿಸಿ, ಕೈ ತೊಳೆದುಕೊಂಡು ಬನ್ನಿ. ಎಣ್ಣೆ ಕೈಯಲ್ಲಿ ಟಚ್‌ಪ್ಯಾಡ್ ಮುಟ್ಟಬೇಡಿ. ಫೋನನ್ನು ಇನ್ನೊಂದು ಕೋಣೆಯಲ್ಲಿಡಿ. ಒಂದೂವರೆ ಗಂಟೆಯ ಮೇಲೆ ಒಮ್ಮೆ ಎದ್ದು ಚಾವಡಿಯವರೆಗೆ ನಡೆದು ಬನ್ನಿ.

ಓದುತ್ತ ಓದುತ್ತ ನಿಮಗೊಂದು ಬಗೆಯ ಸಾಲು ಎದುರಾಗುತ್ತದೆ. ಪೆಟ್ಟಿಗೆಯಲ್ಲಿ ಪಾತ್ರದ ಹೆಸರು ಉಂಟು, ಅದರ ಕೆಳಗೆ ಬರೀ ಚುಕ್ಕಿಗಳು. ಮಾತಿಲ್ಲ. ಹೊಸಬರು ಇದನ್ನು ಖಾಲಿ ಸಾಲು ಎಂದುಕೊಂಡು ತಟ್ಟನೆ ದಾಟುತ್ತಾರೆ. ನಿಲ್ಲಿ. ಆ ಚುಕ್ಕಿಗಳ ಹೊತ್ತಿಗೆ ಮುಖದ ಚಿತ್ರ ಬದಲಾಗಿದೆಯೇ ನೋಡಿ. ಹುಬ್ಬು ಸ್ವಲ್ಪ ಇಳಿದಿರಬಹುದು, ಕಣ್ಣು ಪಕ್ಕಕ್ಕೆ ಸರಿದಿರಬಹುದು. ಸಂಗೀತ ನಿಂತಿದೆಯೇ ಕೇಳಿ. ಎರಡು ಉಸಿರು ಬಿಟ್ಟು ಆಮೇಲೆ ಒತ್ತಿ. ಒಳ್ಳೆಯ ಅರ್ಥಧಾರಿ ಎದುರಾಳಿಯ ಪ್ರಶ್ನೆಗೆ ಕೂಡಲೇ ಉತ್ತರಿಸದೆ ಶಾಲು ಸರಿಮಾಡಿಕೊಳ್ಳುತ್ತ ಕೂತಾಗ ಸಭೆಯೆಲ್ಲ ಬಾಗಿ ಕುಳಿತುಕೊಳ್ಳುತ್ತದಲ್ಲ, ಆ ಗಳಿಗೆ ಇದು. ನನಗೆ ವಾರದ ಆಯಾಸ ಇಳಿಯುವುದು ಇಂಥ ಸಾಲುಗಳಲ್ಲಿ.

ಏಳನೆಯದು: ಆಯ್ಕೆ ಬಂದಾಗ

ಕವಲಿರುವ ಕೃತಿಗಳಿಗೆ ಹೋದ ಮೇಲೆ ಈ ಕ್ರಮ ಇಟ್ಟುಕೊಳ್ಳಿ. ಪ್ರತಿ ಆಯ್ಕೆಯ ಎದುರು ಒಂದು ಹೊಸ ಸೇವ್ (ಮತ್ತೆ ಅಲ್ಲಿಗೇ ಮರಳಲು ಉಳಿಸಿಟ್ಟ ಗುರುತು), ಹಳೆಯದರ ಮೇಲೆ ಬರೆಯಬೇಡಿ. ಮೊದಲ ಸಲ ಯಾವ ಗೈಡೂ ನೋಡದೆ ನಿಮ್ಮ ಮನಸ್ಸಿಗೆ ಸರಿ ಕಂಡದ್ದನ್ನೇ ಆರಿಸಿ. ಕೆಟ್ಟ ಕೊನೆ ಬಂದರೆ ಬರಲಿ, ಅದೂ ಬರೆದವರು ಕಷ್ಟಪಟ್ಟು ಬರೆದದ್ದೇ. ಎರಡನೆಯ ಸಲ ಹಳೆಯ ಸೇವ್‌ನಿಂದ ಬೇರೆ ದಾರಿ ಹಿಡಿಯಿರಿ, ಓದಿದ ಭಾಗ ಸ್ಕಿಪ್ ಆಗುತ್ತದೆ.

ಸ್ಟೈನ್ಸ್ ಗೇಟ್ ಮಾತ್ರ ಬೇರೆ ತರಹ. 2009ರ ಈ ಕೃತಿಯಲ್ಲಿ ಪರದೆಯ ಮೇಲೆ ಆಯ್ಕೆಯ ಪಟ್ಟಿ ಬರುವುದಿಲ್ಲ. ನಾಯಕನ ಫೋನಿಗೆ ಮೇಲ್ ಬರುತ್ತದೆ, ಅದಕ್ಕೆ ನೀವು ಯಾವ ಉತ್ತರ ಕಳಿಸುತ್ತೀರಿ, ಕಳಿಸುತ್ತೀರೋ ಇಲ್ಲವೋ ಎನ್ನುವುದರ ಮೇಲೆ ಕಥೆ ತಿರುಗುತ್ತದೆ. ನಿಜವಾದ ಕೊನೆಗೆ ಹೋಗಲು ಕುರಿಸು ಎಂಬ ಪಾತ್ರದ ಮೇಲ್‌ಗಳಿಗೆ ಸರಿಯಾದ ಉತ್ತರ ಕೊಟ್ಟಿರಬೇಕು. ಇದೊಂದಕ್ಕೆ, ಒಮ್ಮೆ ಒಂದು ಕೊನೆ ಮುಟ್ಟಿದ ಮೇಲೆ, ಗೈಡ್ ನೋಡುವುದರಲ್ಲಿ ತಪ್ಪಿಲ್ಲ.

ಎಂಟನೆಯದು: ಅನಿಮೆ ಎಲ್ಲಿ ಬರಬೇಕು

ಓದು ಮೊದಲು, ಅನಿಮೆ ಆಮೇಲೆ. ಇದು ನನ್ನ ಹಟ. ಮೊದಲು ನೋಡಿಬಿಟ್ಟರೆ ಪಾತ್ರ ನಿಮ್ಮ ಮನಸ್ಸಿನಲ್ಲಿ ನಡೆದಾಡುವುದಿಲ್ಲ, ಸ್ಟುಡಿಯೋದವರು ನಡೆಸಿದ ಹಾಗೆ ಮಾತ್ರ ನಡೆಯುತ್ತದೆ. ಪ್ಲಾನೆಟೇರಿಯನ್ 2016ರಲ್ಲಿ 5 ಕಂತಿನ ಅನಿಮೆಯಾಗಿದೆ, ಶನಿವಾರ ಓದಿ ಭಾನುವಾರ ನೋಡಲು ಹೇಳಿ ಮಾಡಿಸಿದ ಹಾಗಿದೆ. ಸ್ಟೈನ್ಸ್ ಗೇಟ್‌ಗೆ ಮಾತ್ರ ಹಟ ಸಡಿಲಿಸುತ್ತೇನೆ. 30 ಗಂಟೆ ಮೀರುವ ಓದಿಗೆ ಸಮಯವಿಲ್ಲದವರು 2011ರ 24 ಕಂತುಗಳನ್ನೇ ನೋಡಲಿ, ಬಹಳ ಚೆನ್ನಾಗಿ ಮಾಡಿದ್ದಾರೆ.

ಲೆಕ್ಕ ಹೀಗೆ: ಒಂದು ಕಂತು ಸುಮಾರು 24 ನಿಮಿಷ, ಅದರಲ್ಲಿ ಶುರುವಿನ ಹಾಡು, ಕೊನೆಯ ಹಾಡು ಒಂದೂವರೆ ನಿಮಿಷದಂತೆ ಮೂರು ನಿಮಿಷ. 12 ಕಂತಿನ ಸರಣಿಗೆ ಹಾಡು ಬಿಟ್ಟರೆ 4 ಗಂಟೆ 12 ನಿಮಿಷ. ಆದರೂ ಒಂದೇ ಕೂರಿಕೆಯಲ್ಲಿ ಮುಗಿಸಬೇಡಿ. ಶನಿವಾರ ಆರು, ಭಾನುವಾರ ಆರು. ಹಾಡನ್ನು ಮೊದಲ ಕಂತಿನಲ್ಲೂ ಕೊನೆಯದರಲ್ಲೂ ಪೂರ್ತಿ ನೋಡಿ, ಮೊದಲ ಸಲ ಅರ್ಥವಾಗದ ಚಿತ್ರಗಳು ಕೊನೆಗೆ ಕಥೆಯನ್ನೇ ಹೇಳುತ್ತವೆ.

ಮನೆಯ ಹಿರಿಯರು "ಎಂತ ಈ ಕಾರ್ಟೂನು" ಎಂದರೆ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಬರುತ್ತಿದ್ದ ಮೋಗ್ಲಿಯನ್ನು ನೆನಪಿಸಿ. ಅದು ಜಪಾನಿನ ನಿಪ್ಪಾನ್ ಅನಿಮೇಷನ್ 1989ರಲ್ಲಿ ಮಾಡಿದ ಅನಿಮೆ. ಅವರೂ ನೋಡಿದ್ದಾರೆ, ಗೊತ್ತಿಲ್ಲದೆ.

ಒಂಬತ್ತನೆಯದು: ಭಾನುವಾರ ಪಿಲಿಕುಳ

ಪ್ಲಾನೆಟೇರಿಯನ್ ಓದಿದ ಮಾರನೆಯ ದಿನ ಮಳೆ ಸ್ವಲ್ಪ ಬಿಟ್ಟರೆ ವಾಮಂಜೂರು ದಾಟಿ ಪಿಲಿಕುಳಕ್ಕೆ ಹೋಗಿ. ಅಲ್ಲಿನ ಸ್ವಾಮಿ ವಿವೇಕಾನಂದ ತಾರಾಲಯ 2018ರಲ್ಲಿ ಶುರುವಾದದ್ದು. 8ಕೆ ಡಿಜಿಟಲ್ ಪ್ರದರ್ಶನ, ತ್ರೀಡಿ ಕನ್ನಡಕ ಹಾಕಿ ನೋಡಬೇಕು. ಪ್ರದರ್ಶನದ ಸಮಯ ಮೊದಲೇ ಕೇಳಿಕೊಂಡು ಹೋಗುವುದು ಒಳ್ಳೆಯದು. ನಾನು ಹೋದ ದಿನ ದೀಪ ಆರಿ ಗುಮ್ಮಟ ಕಪ್ಪಾದಾಗ ಪಕ್ಕದ ಸೀಟಿನ ಮಗುವೊಂದು "ಅಮ್ಮ, ರಾತ್ರಿ ಆಯ್ತು" ಎಂದಿತು. ನಕ್ಷತ್ರಗಳು ಒಂದೊಂದಾಗಿ ಬಂದವು. ಎರಡು ವಾರದಿಂದ ಮೋಡ ಬಿಟ್ಟು ಆಕಾಶ ಕಂಡಿರದ ಊರಿನಲ್ಲಿ ಕೂತು ಆ ನಕ್ಷತ್ರಗಳನ್ನು ನೋಡುವಾಗ ಯುಮೆಮಿಯ ತಾರಾಲಯ ಯಾಕೆ ಮಳೆಯ ನಗರದಲ್ಲಿ ಇರಬೇಕಾಯಿತು ಎಂದು ನನಗೆ ಹೊಳೆಯಿತು.

ಹತ್ತನೆಯದು: ನಾಲ್ಕು ಜನ ಕೂತು ಓದುವುದು

ಇದನ್ನು ನಾವು ಕಂಡುಕೊಂಡದ್ದು ಉಡುಪಿಯ ಅಜ್ಜಿಮನೆಯಲ್ಲಿ, ಕರೆಂಟು ಹೋಗಿ ಇನ್ವರ್ಟರಿನ ಒಂದೇ ದೀಪ ಉಳಿದಿದ್ದ ರಾತ್ರಿ. ಲ್ಯಾಪ್‌ಟಾಪನ್ನು ಮಣೆಯ ಮೇಲಿಟ್ಟು, ಧ್ವನಿ ನಿಲ್ಲಿಸಿ, ಪಾತ್ರ ಹಂಚಿಕೊಂಡೆವು. ನಿರೂಪಣೆ ನನ್ನದು, ಭಾಗವತರ ಜಾಗ. ದೊಡ್ಡಮ್ಮನ ಮಗ ಆ ದಣಿದ ಮನುಷ್ಯ. ತಂಗಿ ಯುಮೆಮಿ. ಪರದೆಯ ಇಂಗ್ಲಿಷನ್ನು ಅಲ್ಲಲ್ಲೇ ಕನ್ನಡಕ್ಕೆ ತಿರುಗಿಸಿ ಹೇಳಬೇಕು ಎಂಬುದು ನಿಯಮ. ಹೂಗುಚ್ಛದ ಕಡೆ ಬಂದಾಗ ತಂಗಿ ಕನ್ನಡ ಬಿಟ್ಟು ತುಳುವಿಗೆ ಜಾರಿದಳು. ಅಲ್ಲಿಯವರೆಗೆ ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅಜ್ಜಿಯ ಕೈ ನಿಂತಿತು.

ನಿಮ್ಮಲ್ಲೂ ಮಾಡಿ ನೋಡಿ. ಮೂರು ನಾಲ್ಕು ಪಾತ್ರ ಮೀರದ ಕೃತಿ ಇರಲಿ. ಒಬ್ಬರು ಮಾತ್ರ ಒತ್ತಬೇಕು, ಎಲ್ಲರ ಮಾತು ಮುಗಿದದ್ದು ನೋಡಿ. ಒಂದು ಗಂಟೆಗಿಂತ ಹೆಚ್ಚು ಹೊತ್ತು ಬೇಡ, ಗಂಟಲು ಒಣಗುತ್ತದೆ.

ಹನ್ನೊಂದನೆಯದು: ನಿಮ್ಮದೇ ಒಂದು

ನಾಲ್ಕೈದು ಕೃತಿ ಓದಿದ ಮೇಲೆ ಬರೆಯುವ ಆಸೆ ಬಂದೇ ಬರುತ್ತದೆ. ರೆನ್‌ಪೈ ಎಂಬ ತಂತ್ರಾಂಶ 2004ರಿಂದ ಬಿಟ್ಟಿಯಾಗಿ ಸಿಗುತ್ತಿದೆ, ಡೋಕಿ ಡೋಕಿ ಮಾಡಿದ್ದು ಅದರಲ್ಲೇ. ಪಾತ್ರದ ಹೆಸರು, ಪಕ್ಕದಲ್ಲಿ ಉದ್ಧರಣ ಚಿಹ್ನೆಯೊಳಗೆ ಮಾತು, ಇಷ್ಟು ಬರೆದರೆ ಒಂದು ಸಾಲು ತಯಾರು. ಹಿನ್ನೆಲೆಗೆ ಫೋನಿನ ಫೋಟೋ ಸಾಕು. ನಾವು ಸುಲ್ತಾನ್ ಬತ್ತೇರಿಯ ಕಡವಿನಲ್ಲಿ ನಿಂತು ಬೆಳಿಗ್ಗೆ ಒಂದು, ಸಂಜೆ ಒಂದು, ಮಳೆಯಲ್ಲಿ ಒಂದು, ಮೂರೇ ಫೋಟೋ ತೆಗೆದು ಆರು ನಿಮಿಷದ ಕಥೆ ಮಾಡಿದೆವು.

ಕನ್ನಡದಲ್ಲಿ ಬರೆಯುವವರು ಎರಡು ವಿಷಯ ನೋಡಿಕೊಳ್ಳಿ. ರೆನ್‌ಪೈಯ ಹೊಸ ಆವೃತ್ತಿಯನ್ನೇ ಹಾಕಿಕೊಳ್ಳಿ, ಹಳೆಯವುಗಳಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುತ್ತಿತ್ತು. ಅದರ ಜೊತೆಗೆ ಕನ್ನಡ ಫಾಂಟನ್ನು ನೀವೇ ಸೇರಿಸಬೇಕು, ನೋಟೋ ಸಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ. ಫಾಂಟ್ ಸೇರಿಸಿದ ಮೇಲೆ ಇಡೀ ಕಥೆ ಬರೆಯಲು ಕೂರಬೇಡಿ. ಒತ್ತು ಇರುವ ಒಂದು ಸಾಲು ಹಾಕಿ ಓಡಿಸಿ ನೋಡಿ. ನಾವು ಮೊದಲು ಹಾಕಿದ ಸಾಲು, ಈಗಲೂ ನಮ್ಮ ಕಥೆಯ ಮೊದಲ ಸಾಲು: "ಅಜ್ಜಿ, ಕೊನೆಯ ದೋಣಿ ತಪ್ಪಿತು."